ಬಾಯಿ ವಾಸನೆ: ಏಲಕ್ಕಿ ಜಗಿದರೆ ಮುಚ್ಚುತ್ತದೆ, ತೊಳೆದರೆ ಮಾತ್ರ ಹೋಗುತ್ತದೆ

ಗೆಳೆಯನ ಶರ್ಟಿನ ಗುಂಡಿ ಬಿಚ್ಚಿದ್ದರೆ ಹೇಳುತ್ತೇವೆ. ಗಡ್ಡದಲ್ಲಿ ಅನ್ನದ ಅಗುಳು ಅಂಟಿದ್ದರೆ ಸನ್ನೆ ಮಾಡಿ ತೋರಿಸುತ್ತೇವೆ. ಆದರೆ "ನಿನ್ನ ಬಾಯಿಂದ ವಾಸನೆ ಬರ್ತಿದೆ" ಎಂದು ಹೇಳಲು ಯಾರಿಗೂ ಧೈರ್ಯ ಬರುವುದಿಲ್ಲ. ಹೇಳುವ ಬದಲು ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ, ಮುಖ ಆ ಕಡೆ ತಿರುಗಿಸುತ್ತೇವೆ. ಇದರಿಂದ ಪೇಚಿಗೆ ಸಿಲುಕುವವರು ಅಂಗಡಿಯಲ್ಲಿ ಗಿರಾಕಿಗಳ ಜೊತೆ ದಿನವಿಡೀ ಮಾತನಾಡುವವರು, ಹೊಸದಾಗಿ ಮದುವೆಯಾದವರು, ಹಾಸ್ಟೆಲ್‌ನಲ್ಲಿ ಒಂದೇ ಕೋಣೆ ಹಂಚಿಕೊಂಡ ಹುಡುಗರು, ಮಸೀದಿಯ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು. ತಮ್ಮ ಬಾಯಿಯ ವಾಸನೆ ತಮಗೇ ಗೊತ್ತಾಗುವುದಿಲ್ಲ. ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ.

ವ್ಯಾಪಾರ, ನೌಕರಿ, ಮಕ್ಕಳ ಓದು ಎಂದು ಕರಾವಳಿ ಬಿಟ್ಟು ಕಲಬುರಗಿಯಲ್ಲಿ ನೆಲೆ ನಿಂತ ಮನೆಗಳಿಗೆ ಈ ಊರು ಹೊಸ ಬಿಸಿಲು, ಹೊಸ ಊಟ, ಹೊಸ ಅಭ್ಯಾಸ ಎಲ್ಲವನ್ನೂ ಕೊಡುತ್ತದೆ. ಇವೆಲ್ಲವೂ ಬಾಯಿಯ ಮೇಲೆ ಪರಿಣಾಮ ಬೀರುತ್ತವೆ. ಬಾಯಿ ವಾಸನೆಯ ಬಗ್ಗೆ ಸ್ವಲ್ಪ ಬಿಚ್ಚಿ ಮಾತನಾಡೋಣ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಬಹುತೇಕ ಪ್ರಕರಣಗಳಲ್ಲಿ ದಿನಕ್ಕೆ ಐದು ನಿಮಿಷದ ಕೆಲಸದಿಂದ ಹೋಗುವ ತೊಂದರೆ ಇದು.

ಹೊಟ್ಟೆಯಿಂದ ಅಲ್ಲ, ನಾಲಿಗೆಯ ಬುಡದಿಂದ

"ಹೊಟ್ಟಿ ಸರಿ ಇಲ್ಲ, ಅದಕ್ಕೇ ಬಾಯಿ ವಾಸನಿ ಬರ್ತದ" ಎನ್ನುವುದು ಕಲಬುರಗಿ ಕಡೆ ಸಾಮಾನ್ಯ ಮಾತು. ಕರಾವಳಿಯ ಮನೆಗಳಲ್ಲೂ "ಗ್ಯಾಸ್ಟ್ರಿಕ್ ಇರಬೇಕು" ಎಂದು ಮಾತ್ರೆ ನುಂಗುವವರು ಬಹಳ. ಆದರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪ್ರಕರಣಗಳಲ್ಲಿ ವಾಸನೆ ಹುಟ್ಟುವುದು ಬಾಯಿಯೊಳಗೇ. ಅನ್ನನಾಳ ಮತ್ತು ಹೊಟ್ಟೆಯ ನಡುವಿನ ಬಾಯಿ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ತೇಗು ಬಂದಾಗ ಬಿಟ್ಟರೆ ಹೊಟ್ಟೆಯ ಗಾಳಿ ಮೇಲೆ ಬರುವುದು ಕಡಿಮೆ.

ನಮ್ಮ ಬಾಯಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಕೆಲವು ಗಾಳಿಯಾಡದ ಜಾಗವನ್ನೇ ಹುಡುಕಿಕೊಂಡು ಕೂರುತ್ತವೆ. ನಾಲಿಗೆಯ ಹಿಂಭಾಗದ ಒರಟು ಮೈ, ಹಲ್ಲುಗಳ ಸಂದಿ, ಒಸಡಿನ ಅಂಚಿನ ಕೆಳಗಿನ ಜೇಬಿನಂಥ ಜಾಗ, ಹುಳುಕು ಹಲ್ಲಿನ ಗುಳಿ ಅವುಗಳ ಮನೆ. ಊಟದ ಚೂರು, ಉದುರಿದ ಚರ್ಮದ ಕಣ, ಜೊಲ್ಲಿನಲ್ಲಿರುವ ಪ್ರೋಟೀನು ಇವನ್ನು ಅವು ಕೊಳೆಸಿ ಗಂಧಕದ ಅನಿಲಗಳನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಇವುಗಳಲ್ಲಿ ಒಂದು. ಕೆಟ್ಟ ಎಲೆಕೋಸಿನ ವಾಸನೆ ಕೊಡುವ ಮೀಥೈಲ್ ಮರ್ಕಾಪ್ಟಾನ್ ಇನ್ನೊಂದು.

ಏಲಕ್ಕಿ, ಲವಂಗ, ಬಡೇಸೋಪು, ಪುದೀನ ಗುಳಿಗೆ ಇವೆಲ್ಲ ಆ ಅನಿಲದ ಮೇಲೆ ಒಂದು ಸುವಾಸನೆಯ ಹೊದಿಕೆ ಹಾಸುತ್ತವೆ ಅಷ್ಟೆ. ಅರ್ಧ ಗಂಟೆ ಕಳೆದರೆ ಕೆಳಗಿನದ್ದು ಮತ್ತೆ ಮೇಲೆ ಬರುತ್ತದೆ. ಕೊಳಕು ತೆಗೆಯದೆ ಅತ್ತರ್ ಹಚ್ಚಿದ ಹಾಗೆ.

ಬಿಸಿಲೂರಿನ ಒಣ ಬಾಯಿ

ಬಾಯಿಯನ್ನು ದಿನವಿಡೀ ತೊಳೆಯುವ ಕೆಲಸ ಮಾಡುವುದು ಜೊಲ್ಲು. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಸುರಿಯುತ್ತದೆ. ನಿದ್ದೆಯಲ್ಲಿ ಅದು ತೀರಾ ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದಾಗ ಎಲ್ಲರ ಬಾಯಿಯೂ ಸ್ವಲ್ಪ ವಾಸನೆ ಬರುವುದು ಇದೇ ಕಾರಣಕ್ಕೆ. ಅದು ರೋಗವಲ್ಲ, ಹಲ್ಲುಜ್ಜಿ ನಾಷ್ಟಾ ಮಾಡಿದರೆ ಹೋಗುತ್ತದೆ.

ಮಂಗಳೂರಿನ ಬೆವರುವ ಹವೆಗೂ ಕಲಬುರಗಿಯ ಒಣ ಬಿಸಿಲಿಗೂ ಇಲ್ಲಿ ವ್ಯತ್ಯಾಸವಿದೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಪಾರ 42 ಡಿಗ್ರಿ ದಾಟುವುದು ಹೊಸದೇನಲ್ಲ. ಒಲೆಯ ಮುಂದೆ ನಿಲ್ಲುವ ಹೋಟೆಲ್, ಬೇಕರಿಯ ಕೆಲಸದವರು, ಬೈಕಿನಲ್ಲಿ ಊರೂರು ಸುತ್ತುವ ಸೇಲ್ಸ್‌ನವರು ನೀರು ಕುಡಿಯಲು ಮರೆಯುತ್ತಾರೆ, ಅದರ ಬದಲು ಗಂಟೆಗೊಂದು ಚಹಾ ಕುಡಿಯುತ್ತಾರೆ. ಸಕ್ಕರೆ ಹಾಕಿದ ಚಹಾ ಬಾಯಾರಿಕೆಯನ್ನು ಮರೆಸಿದರೂ ಹಲ್ಲಿನ ಮೇಲೆ ಸಿಹಿಯ ಲೇಪ ಬಿಟ್ಟು ಹೋಗುತ್ತದೆ. ಪ್ರತಿ ಚಹಾದ ಹಿಂದೆ ನಾಲ್ಕು ಗುಟುಕು ನೀರು ಕುಡಿಯುವ ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಬಿಪಿ, ಅಲರ್ಜಿ, ಮಾನಸಿಕ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ "ಬಾಯಿ ಒಣಗ್ತಿದೆ" ಎಂದು ಹೇಳಿ, ಬದಲಿ ಇದ್ದರೆ ಅವರೇ ನೋಡುತ್ತಾರೆ. ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವ ಮಕ್ಕಳ ಬಾಯಿಯೂ ಒಣಗಿ ವಾಸನೆ ಬರುತ್ತದೆ.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಮೀನು

ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಒಂದು ಹಸಿ ಉಳ್ಳಾಗಡ್ಡಿ ಇಲ್ಲದಿದ್ದರೆ ಈ ಭಾಗದ ಊಟ ಪೂರ್ತಿ ಆಗುವುದಿಲ್ಲ. ಕರಾವಳಿಯಿಂದ ಬಂದವರೂ ಕೆಲವೇ ವರ್ಷಗಳಲ್ಲಿ ಈ ರುಚಿಗೆ ಬಿದ್ದುಬಿಡುತ್ತಾರೆ. ಊರಿಂದ ಕಟ್ಟಿಸಿಕೊಂಡು ತಂದ ಒಣಮೀನಿನ ಚಟ್ನಿ ಬೇರೆ ಇರುತ್ತದೆ. ಇವನ್ನು ಬಿಡಬೇಕಾಗಿಲ್ಲ, ಆದರೆ ಹೊತ್ತು ನೋಡಿ ತಿನ್ನಬೇಕು.

ಬೆಳ್ಳುಳ್ಳಿಯ ವಾಸನೆ ಹಲ್ಲುಜ್ಜಿದರೂ ಯಾಕೆ ಹೋಗುವುದಿಲ್ಲ? ಅದರಲ್ಲಿರುವ ಗಂಧಕದ ಒಂದು ಅಂಶ ಕರುಳಿನಿಂದ ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಹೋಗಿ, ಉಸಿರಿನಲ್ಲಿ ಹೊರಬರುತ್ತದೆ. ಆಗ ಬಾಯಿ ತೊಳೆದು ಪ್ರಯೋಜನವಿಲ್ಲ, ಗಂಟೆಗಳು ಕಳೆಯಬೇಕು. ಊಟದ ಜೊತೆಗೋ ಕೂಡಲೇ ನಂತರವೋ ಸೇಬು, ಪುದೀನ ಎಲೆ, ಮೊಸರು, ಹಾಲು ತೆಗೆದುಕೊಂಡರೆ ಸ್ವಲ್ಪ ಕಡಿಮೆಯಾಗುತ್ತದೆ. ಹಸಿ ಉಳ್ಳಿ-ಬೆಳ್ಳುಳ್ಳಿ ತಿಂದ ಬಾಯಲ್ಲಿ ಮಸೀದಿಗೆ ಬರಬೇಡಿ ಎಂಬ ಪ್ರವಾದಿವರ್ಯರ ತಾಕೀತು ನಮಗೆಲ್ಲ ಗೊತ್ತು. ಪಕ್ಕದವನಿಗೆ ತೊಂದರೆ ಆಗಬಾರದು ಎಂಬ ಕಾಳಜಿ ಅದರ ಹಿಂದಿದೆ. ಬೇಯಿಸಿದರೆ ಖಾರ, ವಾಸನೆ ಎರಡೂ ಇಳಿಯುತ್ತವೆ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಜಿಐ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಹಣ್ಣು ಸಿಕ್ಕರೆ ಯಾರು ಬಿಡುತ್ತಾರೆ? ಮಕ್ಕಳಿಗೆ ಧಾರಾಳ ಕೊಡಿ. ಒಂದೇ ಮಾತು: ಬಾಳೆಹಣ್ಣು, ಖರ್ಜೂರದಂಥ ಮೆತ್ತನೆಯ ಸಿಹಿ ಹಣ್ಣು ಹಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತದೆ. ತಿಂದ ಮೇಲೆ ನೀರು ಮುಕ್ಕಳಿಸಲು ಹೇಳಿ. ರಾತ್ರಿ ಬ್ರಷ್ ಮಾಡಿದ ನಂತರ ಏನೂ ಕೊಡಬೇಡಿ.

ರಾತ್ರಿಯ ಬ್ರಷ್, ನಾಲಿಗೆ, ಹಲ್ಲಿನ ಸಂದಿ

ನಮ್ಮಲ್ಲಿ ಬೆಳಿಗ್ಗೆ ಹಲ್ಲುಜ್ಜದವರು ಅಪರೂಪ, ರಾತ್ರಿ ಉಜ್ಜುವವರೂ ಅಪರೂಪ. ಆದರೆ ಹೆಚ್ಚು ಮುಖ್ಯವಾದದ್ದು ರಾತ್ರಿಯದ್ದು. ಬಿರಿಯಾನಿ ತಿಂದು ಹಾಗೇ ಮಲಗಿದರೆ ಜೊಲ್ಲಿಲ್ಲದ ಬಾಯಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಆರೇಳು ಗಂಟೆ ಔತಣ.

ಬ್ರಷ್ ಮೆತ್ತನೆಯದಾಗಿರಲಿ. ಎರಡು ನಿಮಿಷ, ಒಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಬ್ರಷ್ಷನ್ನು ಸ್ವಲ್ಪ ಓರೆಯಾಗಿಟ್ಟು ಸಣ್ಣ ಸುತ್ತು ಸುತ್ತಿಸಿ. ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ತಿಕ್ಕಿದರೆ ಒಸಡು ಸವೆದು ಬೇರು ಹೊರಬೀಳುತ್ತದೆ. ಪೇಸ್ಟಿನಲ್ಲಿ ಫ್ಲೋರೈಡ್ ಇದೆಯೇ ಎಂದು ಟ್ಯೂಬಿನ ಮೇಲೆ ಓದಿ. ದೊಡ್ಡವರಿಗೆ 1000 ಪಿಪಿಎಂ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಉದ್ದಕ್ಕೆ ಹಚ್ಚುವುದು ಬೇಡ. ಮೂರು ತಿಂಗಳಿಗೊಮ್ಮೆ, ಅಥವಾ ಎಳೆ ಬಾಗಿದ ಕೂಡಲೇ, ಬ್ರಷ್ ಬದಲಿಸಿ.

ನಾಲಿಗೆಯನ್ನು ದಿನಕ್ಕೊಮ್ಮೆ ಟಂಗ್ ಕ್ಲೀನರಿನಿಂದ ಹಿಂದಿನಿಂದ ಮುಂದಕ್ಕೆ ಎಳೆಯಿರಿ, ನಾಲ್ಕೈದು ಸಲ, ಮೆಲ್ಲಗೆ. ಮೊದಲ ಕೆಲವು ದಿನ ಓಕರಿಕೆ ಬರಬಹುದು. ನಾಲಿಗೆ ಪೂರ್ತಿ ಹೊರಚಾಚಿ ಉಸಿರು ಬಿಡುತ್ತಾ ಎಳೆದರೆ ಅಭ್ಯಾಸವಾಗುತ್ತದೆ. ಬರೀ ಇದೊಂದನ್ನು ಶುರು ಮಾಡಿದರೆ ಒಂದೇ ವಾರದಲ್ಲಿ ವ್ಯತ್ಯಾಸ ಕಾಣುವವರು ಬಹಳ ಮಂದಿ.

ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿ ಸಿಕ್ಕಿದ ಮಾಂಸದ ನಾರು ಎರಡನೇ ದಿನಕ್ಕೆ ಕೊಳೆಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಡೆಂಟಲ್ ಫ್ಲಾಸ್ ಎಂಬ ನುಣುಪು ದಾರ ಸಿಗುತ್ತದೆ. ದಿನಕ್ಕೊಮ್ಮೆ ಸಂದಿಯಲ್ಲಿ ಆಡಿಸಿ. ಸಂದಿ ಅಗಲವಿದ್ದರೆ ಅದಕ್ಕೆಂದೇ ಪುಟ್ಟ ಬ್ರಷ್ ಬರುತ್ತದೆ. ಪಿನ್ನು, ಬೆಂಕಿಕಡ್ಡಿ ಹಾಕಿ ಒಸಡು ಗಾಯ ಮಾಡಿಕೊಳ್ಳಬೇಡಿ.

ಮೌತ್‌ವಾಶ್ ಬೇಕೇ ಎಂದು ಕೇಳುವವರಿಗೆ ಒಂದು ಹಳೆಯ ಕಥೆ. ಲಿಸ್ಟರಿನ್ 1879ರಲ್ಲಿ ಅಮೆರಿಕದಲ್ಲಿ ತಯಾರಾದದ್ದು ಆಪರೇಷನ್ ಮಾಡುವಾಗ ಬಳಸುವ ಕ್ರಿಮಿನಾಶಕವಾಗಿ. 1920ರ ದಶಕದಲ್ಲಿ ಕಂಪನಿಯವರು "ಹ್ಯಾಲಿಟೋಸಿಸ್" ಎಂಬ ಅಪರೂಪದ ವೈದ್ಯಕೀಯ ಪದವನ್ನು ಜಾಹೀರಾತಿಗೆ ತಂದು, ಬಾಯಿ ವಾಸನೆಯಿಂದ ಮದುವೆ ಆಗುವುದಿಲ್ಲ ಎಂದು ಜನರನ್ನು ಹೆದರಿಸಿದರು. ಮಾರಾಟ ಏರಿತು. ಆ ಹೆದರಿಕೆಯನ್ನು ಇವತ್ತಿಗೂ ಮಾರುತ್ತಿದ್ದಾರೆ. ಮೌತ್‌ವಾಶ್ ಬ್ರಷ್ಷಿನ ಬದಲಿಗೆ ಅಲ್ಲ. ಬಳಸುವುದಾದರೆ ಆಲ್ಕೋಹಾಲ್ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಆಲ್ಕೋಹಾಲ್ ಇರುವುದು ಬಾಯಿಯನ್ನು ಇನ್ನಷ್ಟು ಒಣಗಿಸಬಹುದು. ಕ್ಲೋರ್‌ಹೆಕ್ಸಿಡೀನ್ ಇರುವುದನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಬಳಸಿ. ಹೆಚ್ಚು ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಮಿಸ್ವಾಕ್ ಜೇಬಿನಲ್ಲಿದ್ದರೆ ಸಾಲದು

ಕಲಬುರಗಿಯಲ್ಲಿ ಖಾಜಾ ಬಂದಾ ನವಾಜ್ ದರ್ಗಾದ ಸುತ್ತಲಿನ ಅಂಗಡಿಗಳಲ್ಲಿ ಅತ್ತರ್, ಟೋಪಿ, ತಸ್ಬೀಹ್ ಜೊತೆ ಮಿಸ್ವಾಕ್ ಕಟ್ಟೂ ಸಿಗುತ್ತದೆ. ಉಮ್ಮತ್ತಿಗೆ ಕಷ್ಟವಾಗದಿದ್ದರೆ ಪ್ರತಿ ನಮಾಝಿಗೂ ಕಡ್ಡಾಯ ಮಾಡುತ್ತಿದ್ದೆ ಎನ್ನುವಷ್ಟು ಪ್ರವಾದಿವರ್ಯರು ಒತ್ತು ಕೊಟ್ಟ ಸುನ್ನತ್ ಇದು. ವಿಶ್ವ ಆರೋಗ್ಯ ಸಂಸ್ಥೆಯೂ 1986ರಲ್ಲಿ ಇಂಥ ಕಡ್ಡಿಗಳ ಬಳಕೆಯನ್ನು ರೂಢಿ ಇರುವ ಕಡೆ ಪ್ರೋತ್ಸಾಹಿಸಿತು. ಮಿಸ್ವಾಕ್ ಮರದ ಬೇರಿನಲ್ಲಿ ಹಲ್ಲು ಉಜ್ಜಲು ನೆರವಾಗುವ ಸಿಲಿಕಾ, ಬ್ಯಾಕ್ಟೀರಿಯಾ ತಡೆಯುವ ಗಂಧಕದ ಅಂಶ, ಒಸಡು ಬಿಗಿಗೊಳಿಸುವ ಟ್ಯಾನಿನ್ ಇವೆ. ಜಗಿದಾಗ ಜೊಲ್ಲು ಬರುವುದೇ ಒಂದು ದೊಡ್ಡ ಲಾಭ.

ಆದರೆ ಬಳಸುವ ರೀತಿ ಸರಿಯಾಗಿರಬೇಕು. ತುದಿಯ ಸಿಪ್ಪೆಯನ್ನು ಒಂದು ಸೆಂಟಿಮೀಟರಿನಷ್ಟು ತೆಗೆದು, ಜಗಿದು ಎಳೆ ಎಳೆ ಮಾಡಿ, ಹಲ್ಲಿನ ಹೊರಭಾಗ, ಒಳಭಾಗ, ನಾಲಿಗೆ ಎಲ್ಲ ಕಡೆ ಮೆಲ್ಲಗೆ ಉಜ್ಜಿ. ಬಹಳ ಜನ ಮುಂದಿನ ಆರು ಹಲ್ಲು ತಿಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ, ದವಡೆ ಹಲ್ಲು ಹಾಗೇ ಉಳಿಯುತ್ತದೆ. ಬಳಸಿದ ಎಳೆಯನ್ನು ಒಂದೆರಡು ದಿನಕ್ಕೊಮ್ಮೆ ಕತ್ತರಿಸಿ ಹೊಸ ತುದಿ ಮಾಡಿ. ಬಳಸಿದ ಮೇಲೆ ತೊಳೆದು ಒಣಗಿಸಿ. ಧೂಳಿನ ಜೇಬಿನಲ್ಲಿ ಬರಿದಾಗಿ ಇಡಬೇಡಿ. ನಮಾಝಿನ ಹೊತ್ತಿಗೆ ಮಿಸ್ವಾಕ್, ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನ ಬ್ರಷ್ ಎಂದು ಹಂಚಿಕೊಂಡರೆ ಎರಡರ ಲಾಭವೂ ಸಿಗುತ್ತದೆ.

ದಿನಕ್ಕೆ ಐದು ಹೊತ್ತು ವುಳೂವಿನಲ್ಲಿ ಬಾಯಿ ಮುಕ್ಕಳಿಸುವವರಿಗೆ ವಾಸನೆ ಯಾಕೆ ಬರಬೇಕು ಎಂದು ಕೇಳಬಹುದು. ಮುಕ್ಕಳಿಸಿದರೆ ಊಟದ ಚೂರು ಹೋಗುತ್ತದೆ, ಬಾಯಿ ಒದ್ದೆಯಾಗುತ್ತದೆ. ಆದರೆ ಹಲ್ಲು-ನಾಲಿಗೆಯ ಮೇಲಿನ ಪಾಚಿಯಂಥ ಪದರ ನೀರಿಗೆ ಬಿಡುವುದಿಲ್ಲ. ಅದನ್ನು ಉಜ್ಜಿಯೇ ತೆಗೆಯಬೇಕು.

ರಮಝಾನಿನಲ್ಲಿ ಉಪವಾಸಿಗನ ಬಾಯಿಯ ವಾಸನೆ ಅಲ್ಲಾಹನ ಬಳಿ ಕಸ್ತೂರಿಗಿಂತ ಶ್ರೇಷ್ಠ ಎಂಬ ಮಾತು ಉಪವಾಸಿಗನಿಗೆ ಸಿಕ್ಕ ಗೌರವ. ಬಾಯಿ ತೊಳೆಯದಿರಲು ಅದು ನೆಪವಲ್ಲ. ಶಾಫಿ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ಉಪವಾಸದ ದಿನ ಮಧ್ಯಾಹ್ನ ಸೂರ್ಯ ವಾಲಿದ ಬಳಿಕ ಮಿಸ್ವಾಕ್ ಕರಾಹತ್. ಕಲಬುರಗಿಯ ಹನಫಿ ನೆರೆಯವರು ಅಸರ್ ಹೊತ್ತಿಗೂ ಮಾಡುವುದನ್ನು ನೋಡಿ ಗೊಂದಲವಾದರೆ ಉಸ್ತಾದರನ್ನು ಕೇಳಿ. ಎರಡು ಕೆಲಸದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ: ಸಹರಿ ಮುಗಿಸಿ, ಬಾಂಗ್‌ಗೆ ಮುಂಚೆ ಪೇಸ್ಟ್ ಹಾಕಿ ಹಲ್ಲು, ನಾಲಿಗೆ ಎರಡನ್ನೂ ತೊಳೆಯುವುದು, ತರಾವೀಹ್ ಮುಗಿಸಿ ಮಲಗುವ ಮೊದಲು ಮತ್ತೊಮ್ಮೆ ತೊಳೆಯುವುದು. ಇಫ್ತಾರಿನಿಂದ ಸಹರಿವರೆಗೆ ನೀರು ಹೆಚ್ಚು ಕುಡಿಯಿರಿ.

ವಾಸನೆ ಮುಚ್ಚಲು ಗುಟ್ಕಾ?

ಇದನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಬಾಯಿ ವಾಸನೆ ಬರಬಾರದು ಎಂದು ಪಾನ್ ಮಸಾಲ ಬಾಯಿಗೆ ಹಾಕಿಕೊಳ್ಳುವವರಿದ್ದಾರೆ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಾಗಿದೆ. ಆದರೆ ಪಾನ್ ಮಸಾಲದ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬೇರೆ ಬೇರೆ ಮಾರಾಟವಾಗಿ ಬಾಯಿಯಲ್ಲಿ ಮತ್ತೆ ಒಂದಾಗುತ್ತವೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಹೊಗೆ ಬಿಡುವವರಿಗಿಂತ ಜಗಿಯುವವರೇ ಹೆಚ್ಚು. ಹೆಂಗಸರಲ್ಲಿ ತಂಬಾಕು ಹುರಿದ ಮಿಶ್ರಿಯಿಂದ ಹಲ್ಲುಜ್ಜುವ ಚಾಳಿಯೂ ಇದೇ ಪಟ್ಟಿಗೆ ಸೇರುತ್ತದೆ.

"ತಂಬಾಕು ಇಲ್ಲ, ಬರೀ ಅಡಿಕೆ" ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಊರಿನಿಂದ ಬಂದವರಿಗೆ ಇದು ಕಹಿಯಾದ ಮಾತು, ಆದರೆ ನಿಜ. ಜಗಿಯುವವರ ಕೆನ್ನೆಯ ಒಳಭಾಗ ನಿಧಾನಕ್ಕೆ ಬಿಳಿಚಿ, ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ, ಮಸಾಲೆ ತಾಗಿದರೆ ಉರಿಯುತ್ತಿದ್ದರೆ, ಎರಡು ವಾರದಲ್ಲೂ ಮಾಯದ ಹುಣ್ಣು ಇದ್ದರೆ ತಡಮಾಡಬೇಡಿ. ಬಾಯಿ ಪೂರ್ತಿ ತೆರೆಯದವರ ದವಡೆ ಹಲ್ಲಿಗೆ ಬ್ರಷ್ ಹೋಗುವುದಿಲ್ಲ, ವಾಸನೆ ಇನ್ನೂ ಹೆಚ್ಚುತ್ತದೆ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡುವ ಮುಂಚೆ ಅಲ್ಲಿ ತೋರಿಸಬಹುದು.

ಯಾವಾಗ, ಎಲ್ಲಿ ತೋರಿಸಬೇಕು?

ಮೇಲೆ ಹೇಳಿದ್ದನ್ನೆಲ್ಲ ಎರಡು ವಾರ ಬಿಡದೆ ಮಾಡಿಯೂ ವಾಸನೆ ಹೋಗದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಉಜ್ಜುವಾಗ ರಕ್ತ ಬರುವುದು, ಒಸಡು ಊದುವುದು, ಹಲ್ಲು ಅಲುಗಾಡುವುದು ಒಸಡಿನ ರೋಗದ ಗುರುತು. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಗಾರೆ ಮನೆಯ ಬ್ರಷ್ಷಿಗೆ ಹೋಗುವುದಿಲ್ಲ, ಸ್ಕೇಲಿಂಗ್ ಮಾಡಿಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆ ಸುಳ್ಳು. ಗಾರೆಯೇ ಒಸಡನ್ನು ಕೆಳಗೆ ತಳ್ಳಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಕಣ್ಣಿಗೆ ಕಾಣುತ್ತದೆ ಅಷ್ಟೆ.

ಶುಗರ್ ಇರುವವರಿಗೆ ಇದು ಇನ್ನೂ ಮುಖ್ಯ. ಶುಗರ್ ಹೆಚ್ಚಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದಿಲ್ಲ. ಶುಗರ್ ಇರುವವರ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ, ಜೊತೆಗೆ ವಾಂತಿ, ಏದುಸಿರು ಇದ್ದರೆ ಅದು ತುರ್ತು ಸ್ಥಿತಿ. ನೇರ ಆಸ್ಪತ್ರೆಗೆ ಹೋಗಿ. ಕಿಡ್ನಿ, ಲಿವರ್ ತೊಂದರೆ ಜೋರಾದವರಲ್ಲೂ ಉಸಿರಿನ ವಾಸನೆ ಬದಲಾಗುತ್ತದೆ. ಟಾನ್ಸಿಲ್, ಸೈನಸ್ ತೊಂದರೆಯಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರ್ ನೋಡಬೇಕು. ಸಣ್ಣ ಮಗುವಿನ ಒಂದೇ ಮೂಗಿನ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಕಾಳೋ ಸಿಕ್ಕಿರಬಹುದು. ಮನೆಯಲ್ಲಿ ಕೆದಕಬೇಡಿ.

ಹಿರಿಯರ ಹಲ್ಲಿನ ಸೆಟ್ ರಾತ್ರಿ ತೆಗೆದು, ಬ್ರಷ್ ಮಾಡಿ, ನೀರಿನಲ್ಲಿಡಿ. ಜಿಲ್ಲೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ. ಅದು ಕೊಳೆಯಲ್ಲ, ವಾಸನೆಗೆ ಕಾರಣವೂ ಅಲ್ಲ. ಇಟ್ಟಿಗೆ ಪುಡಿ, ಬೂದಿ ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲಿನ ಹೊಳಪಿನ ಪದರ ಹೋಗುತ್ತದೆ.

ಕಲಬುರಗಿ ನಗರದಲ್ಲಿ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು, ಇಎಸ್‌ಐಸಿ ದಂತ ಕಾಲೇಜು ಇವೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣಮುಂದೆ ಚಿಕಿತ್ಸೆ ಮಾಡುವುದರಿಂದ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ, ಸಮಯ ಸ್ವಲ್ಪ ಹೆಚ್ಚು. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ಅದನ್ನು ಮರೆಯದೆ ಒಯ್ಯಿರಿ. ಕಮಲಾಪುರ ಕಡೆಯವರಿಗೆ ನಗರಕ್ಕೆ ಬರುವುದೆಂದರೆ ಅರ್ಧ ದಿನದ ಕೂಲಿ ಹೋದ ಲೆಕ್ಕ. ಅದಕ್ಕೇ ಹಲ್ಲು ತಡೆಯಲಾರದಷ್ಟು ನೋಯುವ ತನಕ ಕಾಯುತ್ತಾರೆ, ಆಮೇಲೆ ಕೀಳಿಸಿಕೊಂಡು ಹೋಗುತ್ತಾರೆ. ಬೇರೆ ಕೆಲಸಕ್ಕೆ ನಗರಕ್ಕೆ ಬಂದ ದಿನವೇ ವರ್ಷಕ್ಕೊಮ್ಮೆ ಹಲ್ಲು ತೋರಿಸಿ ಹೋದರೆ ಹಲ್ಲೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಹೇಳುವುದು ಹೇಗೆ?

ಮೊದಲು ನಿಮ್ಮದನ್ನು ಪರೀಕ್ಷಿಸಿಕೊಳ್ಳಿ. ಮುಂಗೈಯನ್ನು ನಾಲಿಗೆಯಿಂದ ಸವರಿ, ಹತ್ತು ಸೆಕೆಂಡ್ ಒಣಗಲು ಬಿಟ್ಟು ಮೂಸಿ. ಅಥವಾ ಚಮಚ ತಲೆಕೆಳಗು ಮಾಡಿ ನಾಲಿಗೆಯ ಹಿಂಭಾಗ ಮೆಲ್ಲಗೆ ಹೆರೆದು ಮೂಸಿ. ಎಲ್ಲಕ್ಕಿಂತ ನಂಬಬಹುದಾದ ದಾರಿ ಮನೆಯವರನ್ನೇ ಕೇಳುವುದು. ವಾಸನೆ ಇಲ್ಲದಿದ್ದರೂ ಇದೆ ಎಂದು ಕೊರಗಿ ಜನರಿಂದ ದೂರ ಉಳಿಯುವವರೂ ಇದ್ದಾರೆ. ಅಂಥವರಿಗೂ ಮನೆಯವರ ಒಂದು ಮಾತೇ ಔಷಧ.

ಬೇರೆಯವರಿಗೆ ಹೇಳಬೇಕಾದರೆ ಒಬ್ಬರೇ ಇದ್ದಾಗ ಹೇಳಿ, ನಾಲ್ಕು ಜನರ ಮುಂದೆ ಬೇಡ. ತಮಾಷೆ ಮಾಡಬೇಡಿ. ಗಂಡ-ಹೆಂಡತಿ ನಡುವೆಯಾದರೆ "ನಾವಿಬ್ಬರೂ ಇವತ್ತಿಂದ ರಾತ್ರಿ ಬ್ರಷ್ ಮಾಡೋಣ" ಎಂದು ಶುರು ಮಾಡಿದರೆ ಯಾರಿಗೂ ನೋವಾಗುವುದಿಲ್ಲ. ಉಪ್ಪನಿಗೋ ಉಮ್ಮನಿಗೋ ಆದರೆ "ಒಸಡು ಒಮ್ಮೆ ತೋರಿಸೋಣ, ಶುಗರ್ ಬೇರೆ ಇದೆಯಲ್ಲ" ಎಂದು ಜೊತೆಗೆ ಕರೆದೊಯ್ಯಿರಿ. ಮುಖ ತಿರುಗಿಸುವುದು ಸುಲಭ, ಆದರೆ ಅದರಿಂದ ಅವರ ಒಸಡಿನ ರೋಗ ಹೋಗುವುದಿಲ್ಲ. ಈ ವಾರ ಸಾಮಾನು ತರಲು ಹೋದಾಗ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಟಂಗ್ ಕ್ಲೀನರ್ ತನ್ನಿ.